ಮಿದುಳಿನ ಕಾಯಿಲೆಗೆ ಕೈಕಾಲಿನ ನರದ ಪರೀಕ್ಷೆ: ಮಾಡುವುದು ಹೇಗೆ, ಓದುವುದು ಹೇಗೆ?

ಜ್ವರ, ಕೆಮ್ಮು ಅಥವಾ ಭೇದಿ ಬಂದು ವಾಸಿಯಾದ ಕೆಲವು ದಿನಗಳಲ್ಲಿ ಒಂದು ವಸ್ತು ಎರಡಾಗಿ ಕಾಣತೊಡಗುತ್ತದೆ, ನಡೆದರೆ ಕಾಲು ತೂರಾಡುತ್ತದೆ, ಆಮೇಲೆ ಮಂಪರು ಕವಿಯುತ್ತದೆ. ಬಿಕರ್‌ಸ್ಟಾಫ್ ಎನ್ಸೆಫಲೈಟಿಸ್ ಎಂಬ ಅಪರೂಪದ ಕಾಯಿಲೆ ಹೆಚ್ಚಾಗಿ ಹೀಗೆ ಆರಂಭವಾಗುತ್ತದೆ. ಎಡ್ವಿನ್ ಬಿಕರ್‌ಸ್ಟಾಫ್ ಮತ್ತು ಫಿಲಿಪ್ ಕ್ಲೋಕ್ 1951ರಲ್ಲಿ ಮೂವರು ರೋಗಿಗಳಲ್ಲಿ ಇದನ್ನು ಗುರುತಿಸಿ ಬರೆದರು. ಸೋಂಕಿನ ವಿರುದ್ಧ ಹುಟ್ಟಿದ ಪ್ರತಿಕಾಯಗಳು ದಾರಿ ತಪ್ಪಿ ನಮ್ಮದೇ ನರಗಳ ಮೇಲೂ ಮಿದುಳನ್ನು ಬೆನ್ನುಹುರಿಗೆ ಜೋಡಿಸುವ ಮಿದುಳುಕಾಂಡದ ಮೇಲೂ ಎರಗುವುದರಿಂದ ಇದು ಬರುತ್ತದೆಂದು ತಿಳಿಯಲಾಗಿದೆ. ಜಿಕ್ಯೂ1ಬಿ ಎಂಬ ಕೊಬ್ಬಿನಂಶದ ವಿರುದ್ಧದ ಪ್ರತಿಕಾಯ ಸುಮಾರು ಮೂರರಲ್ಲಿ ಎರಡು ಪಾಲು ರೋಗಿಗಳ ರಕ್ತದಲ್ಲಿ ಸಿಗುತ್ತದೆ.

ಇಂಥ ರೋಗಿಗೆ ವೈದ್ಯರು ನರ್ವ್ ಕಂಡಕ್ಷನ್ ಪರೀಕ್ಷೆ, ಅಂದರೆ ನರಕ್ಕೆ ಸಣ್ಣ ವಿದ್ಯುತ್ ಕೊಟ್ಟು ಸಂಕೇತ ಎಷ್ಟು ವೇಗವಾಗಿ, ಎಷ್ಟು ಬಲವಾಗಿ ಸಾಗುತ್ತದೆಂದು ಅಳೆಯುವ ಪರೀಕ್ಷೆ ಬರೆದುಕೊಟ್ಟಾಗ ಮನೆಯವರಲ್ಲಿ ಏಳುವ ಮೊದಲ ಪ್ರಶ್ನೆ, ತಲೆಯ ಕಾಯಿಲೆಗೆ ಕಾಲಿಗೆ ಯಾಕೆ ಕರೆಂಟ್ ಕೊಡುತ್ತಾರೆ ಎಂಬುದು. ಪ್ರಶ್ನೆ ನ್ಯಾಯವಾದದ್ದೇ. ಈ ಕಾಯಿಲೆಯು, ಕಣ್ಣಿನ ಚಲನೆ ಸೋತು ನಡಿಗೆ ತೂರಾಡುವ ಮಿಲ್ಲರ್ ಫಿಶರ್ ಸಿಂಡ್ರೋಮ್ ಮತ್ತು ನರಗಳಿಗೆ ಪೆಟ್ಟು ಬಿದ್ದು ಕೈಕಾಲಿನ ಬಲ ಕುಗ್ಗುವ ಗಿಯಾನ್–ಬಾರೆ ಸಿಂಡ್ರೋಮ್‌ಗಳ ಒಡಹುಟ್ಟು. ಮೂರೂ ಒಬ್ಬರಲ್ಲೇ ಬೆರೆತು ಬರುವುದುಂಟು. ಕೈಕಾಲಿನ ನರಗಳಿಗೂ ಪೆಟ್ಟು ಬಿದ್ದಿದ್ದರೆ ಉಸಿರಾಟದ ಸ್ನಾಯುಗಳೂ ಸೋಲಬಹುದು. ಆದ್ದರಿಂದ ಆ ರೋಗಿಯ ಉಸಿರಿನ ಮೇಲೆ ಇನ್ನೂ ಹೆಚ್ಚು ನಿಗಾ ಬೇಕು. ಮಂಪರಿನಲ್ಲಿರುವವರು ಕೈಗೆ ಬಲವಿಲ್ಲ, ಜೋಮು ಹಿಡಿದಿದೆ ಎಂದು ತಾವಾಗಿ ಹೇಳಲಾರರು, ನರದ ಪರೀಕ್ಷೆ ಅವರ ಪರವಾಗಿ ಅದನ್ನು ಹೇಳುತ್ತದೆ.

ಸಿದ್ಧತೆ ಮನೆಯವರ ಕೈಯಲ್ಲೇ ಇದೆ. ನಮ್ಮ ಕರಾವಳಿಯಲ್ಲಿ ಹಾಸಿಗೆ ಹಿಡಿದವರಿಗೆ ಮೈಕೈಗೆ ತೆಂಗಿನೆಣ್ಣೆ ಸವರುವುದು ರೂಢಿ. ಅದು ಪ್ರೀತಿಯಿಂದಲೇ ಮಾಡುವ ಕೆಲಸ. ಆದರೆ ಎಣ್ಣೆ ಇರುವ ಚರ್ಮಕ್ಕೆ ಇಲೆಕ್ಟ್ರೋಡ್, ಅಂದರೆ ವಿದ್ಯುತ್ ಸಂಕೇತವನ್ನು ಹಿಡಿಯುವ ಬಿಲ್ಲೆ, ಸರಿಯಾಗಿ ಕೂರದೆ ಪರದೆಯಲ್ಲಿ ಮೂಡುವ ಅಲೆಗಳು ಕಲಬೆರಕೆಯಾಗುತ್ತವೆ. ಪರೀಕ್ಷೆಯ ದಿನ ಎಣ್ಣೆ, ಕ್ರೀಮು ಹಚ್ಚದೆ ಕೈಕಾಲನ್ನು ಸೋಪಿನಲ್ಲಿ ತೊಳೆದು ಒರೆಸಿ, ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆದಿಡಿ. ಉಪವಾಸ ಬೇಕಿಲ್ಲ. ಪೇಸ್‌ಮೇಕರ್, ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ ಇವುಗಳಲ್ಲಿ ಯಾವುದಿದ್ದರೂ ಮೊದಲೇ ತಿಳಿಸಿ. ವರ್ಷಗಟ್ಟಲೆ ಬೀಡಿ ಕಟ್ಟಿದವರಾದರೆ ಅದನ್ನೂ ಹೇಳಿ. ಮಣಿಕಟ್ಟಿನಲ್ಲಿ ನರ ಒತ್ತಿಹೋಗಿದ್ದರೆ ಆ ಹಳೆಯ ದೋಷವನ್ನು ಹೊಸ ಕಾಯಿಲೆಯ ಲೆಕ್ಕಕ್ಕೆ ಸೇರಿಸಬಾರದು.

ಎಲ್ಲಕ್ಕಿಂತ ಹೆಚ್ಚು ತಪ್ಪು ಆಗುವುದು ತಂಪಿನಿಂದ. ಮಂಗಳೂರಿನ ಸೆಕೆಯಲ್ಲಿ ಇದು ವಿಚಿತ್ರವೆನಿಸಬಹುದು. ಆದರೆ ಎಸಿ ಹಾಕಿದ ಐಸಿಯುನಲ್ಲಿ ಅಲುಗಾಡದೆ ಮಲಗಿದವರ ಪಾದ ಹೊರಗಿನ ಹವೆಗೆ ಸಂಬಂಧವೇ ಇಲ್ಲದಂತೆ ತಣ್ಣಗಿರುತ್ತದೆ, ಆಟಿಯ ಮಳೆಯಲ್ಲಿ ನೆನೆದು ಬಂದವರದ್ದೂ ಹಾಗೆಯೇ. ಚರ್ಮದ ಉಷ್ಣತೆ ಕೈಯಲ್ಲಿ ಕನಿಷ್ಠ 32 ಡಿಗ್ರಿ, ಪಾದದಲ್ಲಿ 30 ಡಿಗ್ರಿ ಸೆಲ್ಸಿಯಸ್ ಇರಬೇಕು. ಒಂದು ಡಿಗ್ರಿ ಇಳಿದರೆ ನರದ ವೇಗ ಸೆಕೆಂಡಿಗೆ ಸುಮಾರು 2 ಮೀಟರ್ ಕುಸಿಯುತ್ತದೆ, ಅಂದರೆ ನಾಲ್ಕು ಡಿಗ್ರಿ ತಣ್ಣಗಾದ ಆರೋಗ್ಯವಂತ ನರವೂ ಕಾಯಿಲೆಯ ನರದಂತೆ ಕಾಣಬಹುದು. ಕಂಬಳಿ ಹೊದಿಸಿ, ಬೆಚ್ಚನೆಯ ಟವೆಲ್ ಸುತ್ತಿ ಕಾಯಿಸಬೇಕು. ಬಿಸಿನೀರಿನ ಚೀಲ ಮಾತ್ರ ಬೇಡ, ಸುಟ್ಟರೆ ಮಂಪರಿನಲ್ಲಿರುವವರಿಗೆ ಕೂಗಲಾಗದು.

ಇನ್ನು ಪರೀಕ್ಷೆ. ಮೊದಲು ಸ್ನಾಯುಗಳನ್ನು ಆಡಿಸುವ ಚಾಲಕ ನರ. ಹೆಬ್ಬೆರಳಿನ ಬುಡದ ಸ್ನಾಯುವಿನ ಉಬ್ಬಿನ ಮೇಲೆ ಒಂದು ಇಲೆಕ್ಟ್ರೋಡ್, ಬೆರಳಿನ ಗೆಣ್ಣಿನ ಮೇಲೆ ಇನ್ನೊಂದನ್ನು ಅಂಟಿಸಿ, ಮಣಿಕಟ್ಟಿನಲ್ಲಿ ಕ್ಷಣಿಕ ವಿದ್ಯುತ್ ಕೊಡುತ್ತಾರೆ. ಸ್ನಾಯುವಿನ ಅಲೆ ಇನ್ನು ದೊಡ್ಡದಾಗದು ಎಂಬಲ್ಲಿಯವರೆಗೆ ವಿದ್ಯುತ್ ಏರಿಸಿ, ಅದರ ಮೇಲೆ ಮತ್ತೆ ಶೇಕಡ 20ರಷ್ಟು ಹೆಚ್ಚಿಸಬೇಕು. ಇಲ್ಲಿ ಅವಸರಪಟ್ಟರೆ ಅಲೆ ಸುಳ್ಳಾಗಿ ಸಣ್ಣದಾಗಿ ಬರುತ್ತದೆ. ಬಳಿಕ ಮೊಣಕೈ ಮಡಚುವಲ್ಲಿ ಇದನ್ನೇ ಮಾಡಿ, ಎರಡು ಜಾಗಗಳ ನಡುವಿನ ಅಂತರವನ್ನು ಟೇಪಿನಿಂದ ಅಳೆಯುತ್ತಾರೆ. ಅಂತರ 220 ಮಿಲಿಮೀಟರ್ ಇದ್ದು, ಅಲೆ ಮಣಿಕಟ್ಟಿನಿಂದ 3.6, ಮೊಣಕೈಯಿಂದ 7.6 ಮಿಲಿಸೆಕೆಂಡಿಗೆ ಬಂದರೆ, 220ನ್ನು 4ರಿಂದ ಭಾಗಿಸಿದಾಗ ವೇಗ ಸೆಕೆಂಡಿಗೆ 55 ಮೀಟರ್. ವಯಸ್ಕರ ಕೈಯಲ್ಲಿ ಸುಮಾರು 50, ಕಾಲಿನಲ್ಲಿ 40 ದಾಟಿದರೆ ಸಹಜವೆನ್ನುತ್ತಾರೆ.

ಸ್ಪರ್ಶ ಮೊದಲಾದವನ್ನು ತಿಳಿಸುವ ಸಂವೇದನಾ ನರಗಳ ಅಲೆ ಮೈಕ್ರೋವೋಲ್ಟ್ ಲೆಕ್ಕದಷ್ಟು ಚಿಕ್ಕದು. ಐಸಿಯುನ ಪಂಪು, ಮಾನಿಟರ್, ವಿದ್ಯುತ್ ಮಂಚಗಳಿಂದ ಬರುವ 50 ಹರ್ಟ್ಸ್ ಗದ್ದಲ ಅದನ್ನು ಮುಳುಗಿಸಿಬಿಡುತ್ತದೆ. ಬಿಚ್ಚಬಹುದಾದ ಪ್ಲಗ್‌ಗಳನ್ನು ನರ್ಸ್ ಅವರನ್ನು ಕೇಳಿಯೇ ಬಿಚ್ಚಬೇಕು, ಹಲವು ಸಲ ಪ್ರಚೋದಿಸಿ ಸರಾಸರಿ ತೆಗೆಯಬೇಕು.

ಈ ಕಾಯಿಲೆಯಲ್ಲಿ ಇಲ್ಲಿಗೇ ನಿಲ್ಲಿಸಿದರೆ ಸಾಲದೆಂದು ನನ್ನ ಅಭಿಪ್ರಾಯ. ಬೆನ್ನುಹುರಿಯವರೆಗೆ ಹೋಗಿ ಮರಳುವ ಎಫ್ ಅಲೆ, ಮೊಣಕಾಲಿನ ಹಿಂದೆ ಪ್ರಚೋದಿಸಿ ಮೀನಖಂಡದಲ್ಲಿ ದಾಖಲಿಸುವ ಎಚ್ ರಿಫ್ಲೆಕ್ಸ್, ಹುಬ್ಬಿನ ಮೇಲಿನ ನರವನ್ನು ತಟ್ಟಿ ರೆಪ್ಪೆ ಮಿಟುಕುವುದನ್ನು ಅಳೆಯುವ ಬ್ಲಿಂಕ್ ರಿಫ್ಲೆಕ್ಸ್, ಇವೂ ಬೇಕು. ವೇಗವೆಲ್ಲ ಸಹಜವಿದ್ದು ಎಚ್ ರಿಫ್ಲೆಕ್ಸ್ ಮಾತ್ರ ಕಾಣೆಯಾಗಿರುವುದು ಈ ಕುಟುಂಬದ ಕಾಯಿಲೆಗಳಲ್ಲಿ ಹೊಸತಲ್ಲ. ಬ್ಲಿಂಕ್ ರಿಫ್ಲೆಕ್ಸ್‌ನ ದಾರಿ ಮಿದುಳುಕಾಂಡದ ಮೂಲಕವೇ ಹಾದುಹೋಗುವುದರಿಂದ, ಎಂಆರ್‌ಐ ಸಹಜವೆಂದು ಬಂದಾಗಲೂ ಅದು ಸುಳಿವು ಕೊಡಬಲ್ಲದು. ಬಹುಪಾಲು ರೋಗಿಗಳಲ್ಲಿ ಎಂಆರ್‌ಐ ಸಹಜವಾಗಿಯೇ ಬರುತ್ತದೆ.

ವರದಿ ಓದುವಾಗ ಎರಡು ಮಾತು ನೆನಪಿರಲಿ. ಕೈಕಾಲಿನ ಬಲ ಉಳಿದಿರುವ ರೋಗಿಯಲ್ಲಿ ಎಲ್ಲವೂ ಸಹಜವೆಂದು ಬರಬಹುದು. ಅದರಿಂದ ಕಾಯಿಲೆ ಇಲ್ಲವೆಂದಾಗುವುದಿಲ್ಲ, ರೋಗನಿರ್ಣಯ ನಿಂತಿರುವುದು ಕಣ್ಣಿನ ಚಲನೆ, ತೂರಾಟ, ಪ್ರಜ್ಞೆಯ ಮಟ್ಟ ಮತ್ತು ಪ್ರತಿಕಾಯದ ಮೇಲೆ. ವೇಗ ಸರಿಯಿದ್ದು ಅಲೆಯ ಎತ್ತರ ಕುಗ್ಗಿದ್ದರೆ ನರದ ಒಳತಂತುವಿಗೇ ಪೆಟ್ಟು ಬಿದ್ದಿರುವ ಶಂಕೆ ಬರುತ್ತದೆ. ಆಗ ಗಿಯಾನ್–ಬಾರೆ ಜೊತೆಗೂಡಿದೆಯೇ ಎಂದು ವೈದ್ಯರು ನೋಡುತ್ತಾರೆ. ಪರೀಕ್ಷೆಗಾಗಿ ಚಿಕಿತ್ಸೆ ಕಾಯಬಾರದು. ಇಮ್ಯುನೋಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ಔಷಧಿ) ಕೊಡುವುದಾದರೆ ದಿನಕ್ಕೆ ಕಿಲೋ ತೂಕಕ್ಕೆ 0.4 ಗ್ರಾಂನಂತೆ ಐದು ದಿನ ಕೊಡುವುದು ವಾಡಿಕೆ, 60 ಕಿಲೋ ತೂಕದವರಿಗೆ ಒಟ್ಟು 120 ಗ್ರಾಂ.

ಮೊದಲ ವಾರದ ಪರೀಕ್ಷೆ ಏನನ್ನೂ ಹಿಡಿಯದಿದ್ದರೆ ಸುಮಾರು ಎರಡು ವಾರಗಳ ಬಳಿಕ ಮತ್ತೆ ಮಾಡಿಸಬೇಕಾಗುತ್ತದೆ. ಕುಂದಾಪುರದಿಂದ ಮಣಿಪಾಲಕ್ಕೋ ಸುಳ್ಯದಿಂದ ಮಂಗಳೂರಿಗೋ ಎರಡನೆಯ ಸಲ ಬರುವವರು ಹಳೆಯ ವರದಿಯನ್ನು ಅಲೆಗಳ ಚಿತ್ರಸಮೇತ ತನ್ನಿ, ಸಾಧ್ಯವಾದರೆ ಅದೇ ಪ್ರಯೋಗಾಲಯದಲ್ಲೇ ಮಾಡಿಸಿ, ಅಂದು ಯಾವ ಕೈ, ಚರ್ಮದ ಉಷ್ಣತೆ ಎಷ್ಟು ಎಂಬುದು ವರದಿಯಲ್ಲಿದೆಯೇ ಎಂದು ಮೊದಲ ದಿನವೇ ನೋಡಿಕೊಳ್ಳಿ.