ಉಗ್ಗು ಬಂದರೆ ಪದ ಬದಲಿಸಬೇಡಿ

ಬಸ್ಸಿನಲ್ಲಿ ಬನಶಂಕರಿಗೆ ಟಿಕೆಟ್ ಕೇಳಬೇಕಿತ್ತು. ‘ಬ’ ಹೊರಗೆ ಬರಲೇ ಇಲ್ಲ. ತುಟಿ ಅಂಟಿಕೊಂಡಿತು, ಕಂಡಕ್ಟರ್ ಕೈ ಚಾಚಿ ನಿಂತಿದ್ದರು, ಪಕ್ಕದವರು ತಿರುಗಿ ನೋಡಿದರು, ಕೊನೆಗೆ ಜಯನಗರ ಅಂದುಬಿಟ್ಟೆ. ಅಲ್ಲೇ ಇಳಿದು ಉಳಿದ ದಾರಿ ನಡೆದೆ. ಉಗ್ಗು ಇರುವವರಿಗೆಲ್ಲ ಇದು ಗೊತ್ತಿರುವ ಸಂಗತಿ. ಕಷ್ಟದ ಪದ ಬಿಟ್ಟು ಸುಲಭದ್ದು ಹಿಡಿಯುತ್ತೇವೆ, ಫೋನ್ ಬಂದರೆ ಬೇರೆಯವರ ಕೈಗೆ ಕೊಡುತ್ತೇವೆ, ‘ಅಂದ್ರೆ’, ‘ಏನಂದ್ರೆ’, ‘ಅದೂ...’ ಅಂತ ಸುತ್ತು ಹಾಕುತ್ತೇವೆ. ತಪ್ಪಿಸಿಕೊಂಡಷ್ಟೂ ಹೆದರಿಕೆ ಜಾಸ್ತಿ.

ದೊಡ್ಡವರಲ್ಲಿ ಸುಮಾರು 100ಕ್ಕೆ ಒಬ್ಬರಿಗೆ ಉಗ್ಗು ಇದೆ. ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು, ಎಷ್ಟೋ ಮನೆಗಳಲ್ಲಿ ತಲೆಮಾರಿನಿಂದ ಬಂದದ್ದು. ಬಜೆ ತೇಯ್ದು ನಾಲಿಗೆಗೆ ಹಚ್ಚಿದರೆ ಹೋಗುವುದಿಲ್ಲ, ಏಕೆಂದರೆ ನಾಲಿಗೆಯಲ್ಲಿ ದೋಷವೇ ಇಲ್ಲ. ಅದೇ ನಾಲಿಗೆ ಹಾಡುವಾಗ, ಹತ್ತು ಜನರ ಜೊತೆ ಪ್ರಾರ್ಥನೆ ಹೇಳುವಾಗ ಸರಾಗವಾಗಿ ಓಡುತ್ತದೆ ಅಲ್ವಾ?

ಮೊದಲ ಕೆಲಸ, ನಿಮ್ಮ ಮಾತು ನೀವೇ ಕೇಳುವುದು. ಮೊಬೈಲಿನಲ್ಲಿ ಐದು ನಿಮಿಷ ರೆಕಾರ್ಡ್ ಮಾಡಿ. ಯಾವ ಅಕ್ಷರಕ್ಕೆ ಸಿಕ್ಕಿಕೊಳ್ಳುತ್ತೀರಿ, ಆಗ ಕುತ್ತಿಗೆ ಬಿಗಿಯುತ್ತದೋ ತುಟಿಯೋ, ಎಷ್ಟು ಸಲ ‘ಅಂದ್ರೆ’ ಬಂತು, ಬರೆದುಕೊಳ್ಳಿ. ಕೇಳಲು ಹಿಂಸೆ ಆಗುತ್ತದೆ, ಆದರೂ ಕೇಳಿ.

ಎರಡನೆಯದು, ಪದವನ್ನು ಮೆತ್ತಗೆ ಶುರುಮಾಡುವುದು. ‘ಬ’ ಅನ್ನುವಾಗ ತುಟಿಗಳು ಒಂದಕ್ಕೊಂದು ಸುಮ್ನೆ ತಾಗಿದರೆ ಸಾಕು, ಒತ್ತಬೇಡಿ. ಸ್ವಲ್ಪ ಉಸಿರು ಹೊರಗೆ ಬಿಡುತ್ತಾ ಮೊದಲ ಅಕ್ಷರವನ್ನು ಎಳೆಯಿರಿ: ಬಅಅನಶಂಕರಿ. ‘ಅ’, ‘ಇ’ಗಳಿಂದ ಶುರುವಾಗುವ ಪದಕ್ಕೆ ಉಸಿರು ಮೊದಲು, ದನಿ ಆಮೇಲೆ. ದಿನಾ ಹತ್ತು ನಿಮಿಷ ಪೇಪರನ್ನು ಹೀಗೆ ಗಟ್ಟಿಯಾಗಿ ಓದಿ.

ಮೂರನೆಯದೇ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು. ಇದನ್ನು ಬೆಳೆಸಿದವರು ಚಾರ್ಲ್ಸ್ ವ್ಯಾನ್ ರೈಪರ್ ಎಂಬ ಅಮೆರಿಕದ ವಾಕ್ ಚಿಕಿತ್ಸಕ, ಅವರಿಗೇ ಉಗ್ಗು ಇತ್ತು. ಸಿಕ್ಕಿಕೊಂಡ ಪದವನ್ನು ಹೇಗೋ ಹೇಳಿ ಮುಗಿಸಿ, ಆದರೆ ಮುಂದಕ್ಕೆ ಓಡಬೇಡಿ. ಎರಡು ಮೂರು ಸೆಕೆಂಡ್ ನಿಲ್ಲಿ, ಬಿಗಿ ಸಡಿಲಿಸಿ, ಅದೇ ಪದವನ್ನು ಮತ್ತೆ ನಿಧಾನವಾಗಿ ಹೇಳಿ. ಇದು ರೂಢಿಯಾದ ಮೇಲೆ ಸಿಕ್ಕಿಕೊಂಡ ಜಾಗದಲ್ಲೇ, ಪದದ ನಡುವೆಯೇ, ಬಿಗಿ ಬಿಟ್ಟು ಜಾರಿಕೊಂಡು ಹೊರಬರಬಹುದು.

ಇನ್ನು ‘ಅಂದ್ರೆ’, ‘ಗೊತ್ತಾಯ್ತಾ’ಗಳ ವಿಷಯ. ಇವು ಉಗ್ಗು ಇಲ್ಲದವರಿಗೂ ಅಂಟಿಕೊಳ್ಳುತ್ತವೆ. ವಾಕ್ಯ ಮುಗಿದಾಗ ಬಾಯಿ ಮುಚ್ಚಿ, ಒಂದು ಉಸಿರಿನಷ್ಟು ಸುಮ್ಮನಿರಿ. ನಿಮಗೆ ಆ ಮೌನ ಒಂದು ಯುಗ ಅನ್ನಿಸುತ್ತದೆ, ಕೇಳುವವರು ಗಮನಿಸುವುದೂ ಇಲ್ಲ.

ಆಮೇಲೆ ಹೊರಗೆ ಹೊರಡಿ, ಮೆಟ್ಟಿಲು ಹತ್ತಿದ ಹಾಗೆ. ಗೆಳೆಯನ ಜೊತೆ, ಅಂಗಡಿಯಲ್ಲಿ, ಫೋನಿನಲ್ಲಿ, ಕೊನೆಗೆ ಮೀಟಿಂಗಿನಲ್ಲಿ. ‘ನನಗೆ ಉಗ್ಗು ಇದೆ, ಸ್ವಲ್ಪ ಟೈಮ್ ಕೊಡಿ’ ಅಂತ ಮೊದಲೇ ಹೇಳಿಬಿಡಿ. ಮುಚ್ಚಿಡುವ ಭಾರ ಇಳಿದರೆ ಮಾತೂ ಹಗುರಾಗುತ್ತದೆ. ಕೆಲವು ದಿನ ಚೆನ್ನಾಗಿ ಹೋಗುತ್ತದೆ, ಕೆಲವು ದಿನ ಇಲ್ಲ. ಪೂರ್ತಿ ಮಾಯವಾಗುತ್ತದೆ, ಗ್ಯಾರಂಟಿ ಅಂತ ದುಡ್ಡು ಕೇಳುವವರ ಹತ್ತಿರ ಹೋಗಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ, ಅಲ್ಲಿ ಕಲಿತ ವಾಕ್ ಚಿಕಿತ್ಸಕರು ರಾಜ್ಯದ ಬೇರೆ ಊರುಗಳಲ್ಲೂ ಸಿಗುತ್ತಾರೆ. ದೊಡ್ಡವರಿಗೆ ಇದ್ದಕ್ಕಿದ್ದ ಹಾಗೆ ಮಾತು ತೊದಲಿದರೆ ಮಾತ್ರ ಅಭ್ಯಾಸ ಗಿಭ್ಯಾಸ ಅನ್ನದೆ ತಕ್ಷಣ ಆಸ್ಪತ್ರೆಗೆ ಓಡಿ, ಪಾರ್ಶ್ವವಾಯು ಇರಬಹುದು.

ಮನೆಯವರಿಗೂ ಒಂದು ಮಾತು. 2ರಿಂದ 5 ವರ್ಷದ ಮಕ್ಕಳು ತೊದಲುವುದು ಸಾಮಾನ್ಯ, ಹೆಚ್ಚಿನವರಿಗೆ ತಾನಾಗಿ ಹೋಗುತ್ತದೆ. ಆರು ತಿಂಗಳು ದಾಟಿದರೆ ಅಥವಾ ಮಗು ಮಾತಾಡಲೇ ಹಿಂಜರಿದರೆ ತೋರಿಸಿ. ‘ನಿಧಾನ ಹೇಳು’ ಅಂತ ಗದರಬೇಡಿ, ಪದವನ್ನು ನೀವೇ ಹೇಳಿ ಮುಗಿಸಬೇಡಿ. ಮಗುವಿನ ಮುಖ ನೋಡುತ್ತಾ ಅದು ಹೇಳಿ ಮುಗಿಸುವ ತನಕ ಕಾಯಿರಿ.