ಅಮೆರಿಕದ ಪ್ರೈವೇಟ್ ಹೈಸ್ಕೂಲ್: ಎಷ್ಟು ಸ್ಕೋರ್ ಬಂದರೆ ಸೀಟು ಸಿಗುತ್ತದೆ?

ಮಗು ಏಳನೇ ಕ್ಲಾಸಿಗೆ ಬಂದ ಕೂಡಲೇ ಇಲ್ಲಿನ ಕನ್ನಡದ ಮನೆಗಳಲ್ಲಿ ಈ ಪ್ರಶ್ನೆ ಶುರುವಾಗುತ್ತದೆ. ಸಿಇಟಿ ರ‍್ಯಾಂಕ್ ಹಿಡಿದುಕೊಂಡು ಕೌನ್ಸೆಲಿಂಗ್‌ಗೆ ಹೋಗಿ ಬಂದವರಲ್ವಾ ನಾವು, ಕಟ್‌ಆಫ್ ಎಷ್ಟು ಅಂತ ಕೇಳುವುದು ಸಹಜ. ಆದರೆ ಪ್ರೈವೇಟ್ ಹೈಸ್ಕೂಲುಗಳು ಸಾಮಾನ್ಯವಾಗಿ ಹಾಗೆ ಕಟ್‌ಆಫ್ ಪಟ್ಟಿ ಹಾಕುವುದಿಲ್ಲ. ನ್ಯೂಯಾರ್ಕಿನ ಸ್ಟೈವೆಸಂಟ್ ಥರದ ಶಾಲೆಗಳ ಲೆಕ್ಕ ಬೇರೆ. ಅವು ಸರ್ಕಾರಿ ಶಾಲೆಗಳು, ಎಸ್‌ಎಚ್‌ಎಸ್‌ಎಟಿ ಅನ್ನುವ ಪ್ರವೇಶ ಪರೀಕ್ಷೆಯ ಅಂಕದ ಮೇಲೇ ಸೀಟು ಕೊಡುತ್ತವೆ. ಇವೆರಡನ್ನೂ ಒಂದೇ ಅಂದುಕೊಂಡು ಮಗುವನ್ನು ಎರಡು ವರ್ಷ ಬರೀ ಕೋಚಿಂಗ್‌ಗೆ ಅಟ್ಟುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಪ್ರೈವೇಟ್ ಶಾಲೆಯವರು ಮೊದಲು ಏಳು ಮತ್ತು ಎಂಟನೇ ಕ್ಲಾಸಿನ ರಿಪೋರ್ಟ್ ಕಾರ್ಡ್ ನೋಡುತ್ತಾರೆ. ಇಂಗ್ಲಿಷ್ ಮತ್ತು ಗಣಿತದ ಟೀಚರ್ ಬರೆದ ಶಿಫಾರಸು, ಮಗುವಿನ ಪ್ರಬಂಧ, ಇಂಟರ್‌ವ್ಯೂ, ಇವೆಲ್ಲದರ ಜೊತೆಗೆ ಟೆಸ್ಟ್ ಸ್ಕೋರ್. ಈ ಮಗು ನಮ್ಮ ಪಾಠದ ವೇಗಕ್ಕೆ ಹೊಂದಿಕೊಳ್ಳುತ್ತದಾ ಅನ್ನೋದಕ್ಕೆ ಸ್ಕೋರ್ ಒಂದು ಸುಳಿವು, ಅಷ್ಟೇ. ರಿಪೋರ್ಟ್ ಕಾರ್ಡಿನಲ್ಲಿ ಎಲ್ಲಾ ಎ ಇದ್ದು ಸ್ಕೋರ್ ತೀರಾ ಕೆಳಗಿದ್ದರೆ ಅವರಿಗೆ ಅನುಮಾನ ಬರಬಹುದು. ಸ್ಕೋರ್ ಜೋರಾಗಿದ್ದು ಟೀಚರ್ ಮಾತು ಸಪ್ಪೆಯಾಗಿದ್ದರೂ ಅಷ್ಟೇ.

ಎಸ್‌ಎಸ್‌ಎಟಿ, ಐಎಸ್‌ಇಇ, ಎಚ್‌ಎಸ್‌ಪಿಟಿ, ಇವು ಪ್ರೈವೇಟ್ ಶಾಲೆಗಳ ಪ್ರವೇಶ ಪರೀಕ್ಷೆಗಳು. ಯಾವ ಟೆಸ್ಟ್ ಬರೆಯಬೇಕು ಅನ್ನುವುದನ್ನು ನೀವಲ್ಲ, ಶಾಲೆ ಹೇಳುತ್ತದೆ. ಬೋರ್ಡಿಂಗ್ ಶಾಲೆಗಳಲ್ಲಿ ಎಸ್‌ಎಸ್‌ಎಟಿ ಜಾಸ್ತಿ. ಎಸ್‌ಎಸ್‌ಎಟಿ ಅಥವಾ ಐಎಸ್‌ಇಇ, ಯಾವುದಾದರೂ ಸರಿ ಅನ್ನುವ ಶಾಲೆಗಳೂ ಬಹಳ ಇವೆ. ಕ್ಯಾಲಿಫೋರ್ನಿಯಾದ ಬೇ ಏರಿಯಾದ ಕ್ಯಾಥೊಲಿಕ್ ಹೈಸ್ಕೂಲುಗಳ ಕಡೆ ಹೋದರೆ ಎಚ್‌ಎಸ್‌ಪಿಟಿ ಹೆಸರು ಕೇಳುತ್ತೀರಿ. ಐಎಸ್‌ಇಇಯನ್ನು ಒಂದು ಸೀಸನ್‌ಗೆ ಒಂದೇ ಸಲ ಬರೆಯಬಹುದು, ವರ್ಷಕ್ಕೆ ಮೂರು ಸೀಸನ್. ಎಚ್‌ಎಸ್‌ಪಿಟಿಯನ್ನು ಒಂದೇ ಸಲ ಬರೆಯಲು ಬಿಡುವ ಶಾಲೆಗಳಿವೆ, ಹಾಗಾಗಿ "ಸುಮ್ನೆ ಒಂದ್ಸಲ ಬರೆದು ನೋಡೋಣ" ಅಂತ ಹೋಗಬೇಡಿ.

ಸ್ಕೋರ್ ಕೈಗೆ ಬಂದಾಗ ಜಾಸ್ತಿ ಜನ ಎಡವುವುದು ಪರ್ಸೆಂಟೈಲ್ ಹತ್ತಿರ. ಎಂಟನೇ ಕ್ಲಾಸಿನವರು ಬರೆಯುವ ಅಪ್ಪರ್ ಲೆವೆಲ್ ಎಸ್‌ಎಸ್‌ಎಟಿಯಲ್ಲಿ ಪ್ರತಿ ಭಾಗಕ್ಕೆ 500ರಿಂದ 800, ಒಟ್ಟು 1500ರಿಂದ 2400. ಅದರ ಪಕ್ಕದಲ್ಲಿ 62 ಪರ್ಸೆಂಟೈಲ್ ಅಂತ ಇರುತ್ತದೆ. ಅದು ನೂರಕ್ಕೆ 62 ಮಾರ್ಕ್ಸ್ ಅಲ್ಲ. ಅದೇ ಕ್ಲಾಸಿನಲ್ಲಿ ಈ ಟೆಸ್ಟ್ ಬರೆದವರಲ್ಲಿ ನೂರಕ್ಕೆ 62 ಮಂದಿಯ ಮಟ್ಟದಲ್ಲಿ, ಇಲ್ಲವೇ ಅವರಿಗಿಂತ ಮುಂದೆ ನಿಮ್ಮ ಮಗು ಇದೆ ಅಂತ ಅರ್ಥ. ಈ ಟೆಸ್ಟ್ ಬರೆಯುವವರು ಯಾರು ಹೇಳಿ? ಪ್ರೈವೇಟ್ ಶಾಲೆಗೆ ಅರ್ಜಿ ಹಾಕಲು ತಯಾರಾಗಿ ಬಂದ ಮಕ್ಕಳು. ಸ್ಕೂಲಿನ ಸಾಮಾನ್ಯ ಟೆಸ್ಟ್‌ನಲ್ಲಿ 90ರ ಮೇಲೆ ಬರುವ ಮಗುವಿಗೆ ಇಲ್ಲಿ 60 ಬಂದರೆ ಬೈಯಲು ಹೋಗಬೇಡಿ, ದಯವಿಟ್ಟು. ಐಎಸ್‌ಇಇಯಲ್ಲಿ 1ರಿಂದ 9ರವರೆಗೆ ಸ್ಟೇನೈನ್ ಅನ್ನುವ ದರ್ಜೆ ಕೊಡುತ್ತಾರೆ. 5 ಅಂದರೆ ನಟ್ಟನಡುವೆ, ಪರ್ಸೆಂಟೈಲ್ ಲೆಕ್ಕದಲ್ಲಿ 40ರಿಂದ 59.

ಊಹೆ ಮಾಡಿ ಉತ್ತರ ಬರೆಯಬೇಕೋ ಬೇಡವೋ ಅನ್ನುವುದೂ ಟೆಸ್ಟ್ ಮೇಲೆ ನಿಂತಿದೆ. ಎಸ್‌ಎಸ್‌ಎಟಿಯಲ್ಲಿ ಪ್ರತಿ ಪ್ರಶ್ನೆಗೆ ಐದು ಆಯ್ಕೆ, ತಪ್ಪಾದರೆ ಕಾಲು ಅಂಕ ಕಟ್. ಗಣಿತದ 50 ಪ್ರಶ್ನೆಗಳಲ್ಲಿ 36 ಸರಿ, 8 ತಪ್ಪು, 6 ಖಾಲಿ ಬಿಟ್ಟರೆ 36ರಲ್ಲಿ 2 ಕಳೆದು 34. ಐದರಲ್ಲಿ ಎರಡು ಖಂಡಿತ ತಪ್ಪು ಅಂತ ಗೊತ್ತಾದರೆ ಉಳಿದ ಮೂರರಲ್ಲಿ ಒಂದನ್ನು ಆರಿಸುವುದೇ ಲಾಭ. ಏನೂ ಹೊಳೆಯದಿದ್ದರೆ ಖಾಲಿ ಬಿಡಲಿ. ಐಎಸ್‌ಇಇ, ಎಚ್‌ಎಸ್‌ಪಿಟಿಗಳಲ್ಲಿ ಈ ಕಡಿತ ಇಲ್ಲ, ಅಲ್ಲಿ ಒಂದನ್ನೂ ಖಾಲಿ ಬಿಡಬಾರದು.

ಎಸ್‌ಎಸ್‌ಎಟಿ, ಐಎಸ್‌ಇಇ ಎರಡರಲ್ಲೂ ಒಂದು ಸಣ್ಣ ಪ್ರಬಂಧ ಇರುತ್ತದೆ. ಅದಕ್ಕೆ ಅಂಕ ಇಲ್ಲ ಅಂತ ಮಕ್ಕಳು ಗೀಚಿ ಎದ್ದು ಬರುತ್ತಾರೆ. ಆದರೆ ಅದರ ಪ್ರತಿ ಸ್ಕೋರ್ ಜೊತೆಗೆ ಶಾಲೆಗೆ ಹೋಗುತ್ತದೆ. ಅರ್ಜಿಯ ಪ್ರಬಂಧವನ್ನು ದೊಡ್ಡವರು ತಿದ್ದಿ ತೀಡಿ ಬೇರೆಯೇ ಮಾಡಿದ್ದರೆ, ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದವರಿಗೆ ಗೊತ್ತಾಗದೇ ಇರುತ್ತದಾ?

2020ರಲ್ಲಿ ಕೋವಿಡ್ ಬಂದ ಮೇಲೆ ಎಷ್ಟೋ ಶಾಲೆಗಳು ಸ್ಕೋರ್ ಕಳಿಸುವುದು ನಿಮ್ಮಿಷ್ಟ ಅಂದವು. ಕೆಲವು ಈಗಲೂ ಹಾಗೇ ಇವೆ, ಕೆಲವು ಮತ್ತೆ ಕೇಳುತ್ತಿವೆ. ಕಳಿಸಬೇಕಾ ಬೇಡವಾ ಅಂತ ತೀರ್ಮಾನಿಸುವ ಮೊದಲು ಅಡ್ಮಿಷನ್ ಆಫೀಸಿಗೆ ಫೋನ್ ಮಾಡಿ, ಹೋದ ವರ್ಷ ಸೇರಿದ ಮಕ್ಕಳ ಸ್ಕೋರ್ ಸುಮಾರಾಗಿ ಎಲ್ಲಿಂದ ಎಲ್ಲಿಯವರೆಗೆ ಇತ್ತು ಅಂತ ನೇರವಾಗಿ ಕೇಳಿ. ಆ ಮಟ್ಟದೊಳಗೆ ಇದ್ದರೆ ಕಳಿಸಿ. ತುಂಬಾ ಕೆಳಗಿದ್ದು, ಕಳಿಸಲೇಬೇಕು ಅನ್ನುವ ನಿಯಮ ಇಲ್ಲದಿದ್ದರೆ ಬಿಟ್ಟುಬಿಡಿ. ಎಸ್‌ಎಸ್‌ಎಟಿಯನ್ನು ಎರಡು ಸಲ ಬರೆದಿದ್ದರೆ ಯಾವ ದಿನದ ಸ್ಕೋರ್ ಕಳಿಸಬೇಕು ಅನ್ನುವುದು ನಿಮ್ಮ ಕೈಯಲ್ಲೇ ಇದೆ. ಒಂದು ಮಾತ್ರ ನೆನಪಿರಲಿ, ಮೆರಿಟ್ ಸ್ಕಾಲರ್‌ಶಿಪ್ ಇರುವ ಕಡೆ, ಎಚ್‌ಎಸ್‌ಪಿಟಿ ನೋಡಿ ಮಕ್ಕಳನ್ನು ಆನರ್ಸ್ ಕ್ಲಾಸಿಗೆ (ಹೆಚ್ಚು ಕಠಿಣ ಪಾಠದ ಕ್ಲಾಸು) ಹಾಕುವ ಕಡೆ, ಸ್ಕೋರಿಗೆ ತೂಕ ಜಾಸ್ತಿ.

ಮೊನ್ನೆ ಮೊನ್ನೆ ಬೆಂಗಳೂರಿಂದ ಬಂದ ಮಗುವಾದರೆ ಗಣಿತ ಮೇಲೆ, ವರ್ಬಲ್, ಅಂದರೆ ಇಂಗ್ಲಿಷ್ ಪದಗಳ ಭಾಗ, ಕೆಳಗೆ ಇರುವುದು ಮಾಮೂಲು. ಅದನ್ನು ಮುಚ್ಚಿಡಬೇಡಿ. ಯಾವಾಗ ಬಂದಿರಿ, ಆಮೇಲೆ ಇಂಗ್ಲಿಷ್ ಗ್ರೇಡ್ ಹೇಗೆ ಏರಿದೆ ಅಂತ ಪೋಷಕರು ಬರೆಯುವ ಭಾಗದಲ್ಲಿ ನಾಲ್ಕು ಸಾಲು ಹಾಕಿ. ಪದಪಟ್ಟಿ ಬಾಯಿಪಾಠ ಮಾಡಿಸುವುದಕ್ಕಿಂತ ಏಳನೇ ಕ್ಲಾಸಿನಿಂದಲೇ ದಿನಾ ಅರ್ಧ ಗಂಟೆ ಕಥೆ ಪುಸ್ತಕ ಓದಿಸಿ. ಬೇಸಿಗೆ ರಜೆಯಲ್ಲಿ ಗಡಿಯಾರ ಇಟ್ಟುಕೊಂಡು ಒಂದೆರಡು ಪೂರ್ತಿ ಮಾದರಿ ಪರೀಕ್ಷೆ ಬರೆಸಿದರೆ ಯಾವ ಭಾಗ ಕೈಕೊಡುತ್ತಿದೆ ಅಂತ ತಿಳಿಯುತ್ತದೆ.

ಎಸ್‌ಎಸ್‌ಎಟಿ, ಐಎಸ್‌ಇಇ ಆದರೆ ಎಂಟನೇ ಕ್ಲಾಸಿನ ಅಕ್ಟೋಬರ್ ಅಥವಾ ನವೆಂಬರ್‌ನಲ್ಲಿ ಮೊದಲ ಸಲ ಬರೆಸಿ, ಬೇಕಾದರೆ ಡಿಸೆಂಬರ್‌ನಲ್ಲಿ ಇನ್ನೊಮ್ಮೆ. ಬಹಳಷ್ಟು ಶಾಲೆಗಳ ಕೊನೆ ದಿನ ಜನವರಿಯಲ್ಲೇ ಬರುತ್ತದೆ. ಟೆಸ್ಟ್ ಫೀಸ್ ಕಟ್ಟುವುದು ಕಷ್ಟ ಅನ್ನುವವರು ಟೆಸ್ಟ್‌ಗೆ ಹೆಸರು ನೋಂದಾಯಿಸುವ ಮೊದಲೇ ಶಾಲೆಯಲ್ಲಿ ಫೀಸ್ ಮಾಫಿ ಬಗ್ಗೆ ವಿಚಾರಿಸಿ.