ನರ್ಸರಿಯ ವೀಡಿಯೊಗಳಿಗೆ ನೋಡುಗರು ಬಂದ ಬಗೆ

ಶಿರಸಿಯ ಸಮೀಪ ನಮ್ಮದೊಂದು ಚಿಕ್ಕ ನರ್ಸರಿ ಇದೆ. ಅಡಿಕೆ ಸಸಿಗಳನ್ನೂ ಕಾಳುಮೆಣಸಿನ ಬಳ್ಳಿಗಳನ್ನೂ ಬೆಳೆಸಿ ಮಾರುತ್ತೇವೆ. ಜಾಹೀರಾತಿಗೆ ಹಣ ಸುರಿಯುವ ಶಕ್ತಿ ಇರಲಿಲ್ಲವಾದ್ದರಿಂದ ಯೂಟ್ಯೂಬ್ ಚಾನೆಲ್ ತೆರೆದೆ. ಮೊದಲ ವರ್ಷದ ವೀಡಿಯೊಗಳಲ್ಲಿ ಹಾಡು, ನಮಸ್ಕಾರ, ನಮ್ಮ ಪರಿಚಯ, ಸಾಲು ಸಾಲು ಸಸಿಗಳು, ಇಷ್ಟೇ ಇದ್ದವು. ನೋಡಿದವರು ನೆಂಟರಿಷ್ಟರು ಮಾತ್ರ. ಜನ ಎಷ್ಟು ಹೊತ್ತು ನೋಡಿದರೆಂದು ಯೂಟ್ಯೂಬ್ ಸ್ಟುಡಿಯೊದಲ್ಲಿ ತೋರಿಸುವ ಗೆರೆ ಅರ್ಧ ನಿಮಿಷದೊಳಗೇ ನೆಲಕಚ್ಚುತ್ತಿತ್ತು. ನಾನು ವಿಷಯಕ್ಕೆ ಬರುವ ಮೊದಲೇ ಅವರು ಹೊರಟುಹೋಗಿರುತ್ತಿದ್ದರು.

ದಾರಿ ತೋರಿಸಿದವರು ನರ್ಸರಿಗೆ ಬರುತ್ತಿದ್ದ ರೈತರೇ. ಸಸಿಯ ದರ ವಿಚಾರಿಸುವ ಮೊದಲು ಅವರು ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗದ ಮಾತೆತ್ತುತ್ತಿದ್ದರು: ಬೋರ್ಡೋ (ಆ ರೋಗ ತಡೆಯಲು ಸಿಂಪಡಿಸುವ ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆದರೂ ಕಾಯಿ ಉದುರಿತಲ್ಲ, ಏಕೆ? ಆ ಪ್ರಶ್ನೆಗೇ ಒಂದು ವೀಡಿಯೊ ಮಾಡಿದೆ. 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ ಎಂಬ ಲೆಕ್ಕ ತೋಟದವರೆಲ್ಲರಿಗೂ ಗೊತ್ತು. ಎಡವುವುದು ಕಲೆಸುವಲ್ಲಿ ಮತ್ತು ಪರೀಕ್ಷಿಸುವಲ್ಲಿ. ಆದ್ದರಿಂದ ನಮಸ್ಕಾರವನ್ನು ಬಿಟ್ಟು, ದ್ರಾವಣದಲ್ಲಿ ಅದ್ದಿ ತೆಗೆದ ಕತ್ತಿಯನ್ನೇ ಮೊದಲ ದೃಶ್ಯವಾಗಿಸಿದೆ. ಅಲಗಿನ ಮೇಲೆ ಮೈಲುತುತ್ತದಲ್ಲಿನ ತಾಮ್ರದ ಕೆಂಪು ಕೂತಿತ್ತು, ಅಂದರೆ ಸುಣ್ಣ ಸಾಲದು. ಇನ್ನಷ್ಟು ಸುಣ್ಣದ ನೀರು ಬೆರೆಸಿ, ಉಜ್ಜಿ ತೊಳೆದ ಕತ್ತಿಯನ್ನು ಮತ್ತೆ ಅದ್ದಿದಾಗ ಅಲಗಿಗೆ ಯಾವ ಬಣ್ಣವೂ ಹತ್ತಲಿಲ್ಲ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುವುದನ್ನು ನನ್ನ ಭುಜದ ಹಿಂದಿನಿಂದ ಚಿತ್ರೀಕರಿಸಿದ್ದರಿಂದ, ನೋಡುವವರಿಗೆ ಅದು ತಮ್ಮದೇ ಕೈಗಳ ಕೆಲಸದಂತೆ ಕಾಣುತ್ತಿತ್ತು.

ಶೀರ್ಷಿಕೆಗೆ ನಾನು ಪಟ್ಟ ಶ್ರಮವೇ ಹೆಚ್ಚು ಫಲ ಕೊಟ್ಟಿತೆಂದು ನಂಬಿದ್ದೇನೆ. ಮೊದಲು ಬರೆದದ್ದು ‘ಬೋರ್ಡೋ ದ್ರಾವಣ ತಯಾರಿಕಾ ವಿಧಾನ’. ಅದನ್ನು ಅಳಿಸಿ, ರೈತರ ಬಾಯಲ್ಲಿದ್ದಂತೆಯೇ ‘ಬೋರ್ಡೋ ಹೊಡೆದರೂ ಕೊಳೆ ಬಂತೇ?’ ಎಂದಿಟ್ಟೆ. ಕೊಳೆರೋಗವನ್ನು ಕೆಲವು ಕಡೆ ಮಹಾಳಿ ಎನ್ನುವುದರಿಂದ ವಿವರಣೆಯಲ್ಲಿ ಎರಡೂ ಹೆಸರುಗಳನ್ನು ಸೇರಿಸಿದೆ. ಫೋನಿನಲ್ಲಿ ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿ ಹುಡುಕುವವರೂ ಇರುವುದರಿಂದ ಆ ರೂಪವನ್ನೂ ಬರೆದೆ. ವೀಡಿಯೊದ ಮುಖಚಿತ್ರವಾದ ತಂಬ್‌ನೇಲ್‌ನಲ್ಲಿ ಕೆಂಪಾದ ಕತ್ತಿಯೊಂದೇ ಇತ್ತು, ಅಕ್ಷರಗಳಿರಲಿಲ್ಲ.

ಹಾಕಿದ್ದು ಮೇ ತಿಂಗಳಿನಲ್ಲಿ, ಮಳೆ ಹಿಡಿಯುವ ಮುಂಚೆ, ಮೊದಲ ಸಿಂಪಡಣೆಗೆ ಎಲ್ಲರೂ ಅಣಿಯಾಗುವ ಹೊತ್ತಿಗೆ. ಮೊದಲ ವಾರ ಏನೂ ಆಗಲಿಲ್ಲ. ಆಮೇಲೆ ಹುಡುಕಾಟದಿಂದ ಜನ ಒಬ್ಬೊಬ್ಬರಾಗಿ ಬರತೊಡಗಿದರು; ಮಳೆ ಮುಗಿದಾಗ ನಿಂತುಹೋದ ಆ ಹರಿವು, ನಾನು ಕೈ ಹಚ್ಚದೆಯೇ ಮರುವರ್ಷದ ಮೇ ತಿಂಗಳಿನಲ್ಲಿ ಮತ್ತೆ ಶುರುವಾಯಿತು. ಒಂದು ಪೈಸೆಯನ್ನೂ ಕೊಡದೆ ಬಂದ ನೋಡುಗರಿವರು.

ಯೂಟ್ಯೂಬ್‌ನ ಚುಟುಕು ವೀಡಿಯೊಗಳಾದ ಶಾರ್ಟ್ಸ್ ಕೂಡ ಮಾಡಿದೆ. ಅವುಗಳನ್ನು ನೋಡಿದವರು ಹೆಚ್ಚು, ಫೋನ್ ಮಾಡಿದವರು ಕಡಿಮೆ. 2023ರ ಆಗಸ್ಟ್ ಕೊನೆಯಿಂದ ಶಾರ್ಟ್ಸ್‌ನ ವಿವರಣೆಯಲ್ಲಾಗಲಿ ಕಾಮೆಂಟಿನಲ್ಲಾಗಲಿ ಹಾಕಿದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ. ಆದ್ದರಿಂದ ಪ್ರತಿಯೊಂದು ಶಾರ್ಟ್ಸ್‌ಗೂ ಸಂಬಂಧಪಟ್ಟ ದೀರ್ಘ ವೀಡಿಯೊವನ್ನು ಜೋಡಿಸುತ್ತೇನೆ.

ಸಂಜೆ ನೀರು ಬಿಟ್ಟು ಬಂದ ಮೇಲೆ ಕಾಮೆಂಟುಗಳಿಗೆ ಉತ್ತರ ಬರೆಯುವುದು ನನಗೆ ತಪ್ಪಿಸಬಾರದ ಕೆಲಸವಾಗಿದೆ, ಏಕೆಂದರೆ ಮುಂದಿನ ವಿಷಯ ಸಿಗುವುದು ಅಲ್ಲಿಯೇ. ದ್ರಾವಣ ಕಾಯಿಗೆ ಅಂಟಿಕೊಳ್ಳಲೆಂದು ಬೆರೆಸುವ ರಾಳವನ್ನು ಯಾವಾಗ ಸೇರಿಸಬೇಕೆಂದು ಒಬ್ಬರು ಕೇಳಿದ್ದು ಎರಡನೆಯ ವೀಡಿಯೊ ಆಯಿತು. ಜೌಗು ತೋಟದಲ್ಲಿ ಮೆಣಸಿನ ಬಳ್ಳಿ ಸೊರಗುತ್ತದೆ ಎಂದವರಿಗಾಗಿ, ಜೌಗನ್ನು ತಾಳುವ ಹಿಪ್ಪಲಿ ಗಿಡಕ್ಕೆ ಮೆಣಸಿನ ಕಸಿ ಕಟ್ಟುವುದನ್ನು ಈ ವಾರ ಚಿತ್ರೀಕರಿಸುತ್ತಿದ್ದೇನೆ.